ಬಿಸಿನೀರು ಕುಡಿಯುವ ಚೀನಾ ಹುಡುಗಿ

ಆ ಹುಡುಗಿಯ ಕೋಣೆಗೆ ಕುತ್ತು ತಂದವಳು ನಾನೇ. ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಬರೆಯುವಷ್ಟು ಅಕ್ಷರ ನನಗೆ ಬರಲ್ಲ.

ಹೊಸದುರ್ಗದ ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನು ನಿಲ್ಲಿಸಲಿಕ್ಕೆ ಚೀನಾದಿಂದ ನಾಲ್ಕು ಜನ ಗಂಡಸರು, ಒಬ್ಬಳು ಹುಡುಗಿ ಬಂದಿದ್ದರು. ಹುಡುಗಿಗೆ ಇಪ್ಪತ್ಮೂರು. ಅವರ ಮಾತನ್ನ ಇಂಗ್ಲಿಷಿಗೆ ತಿರುಗಿಸಿ ನಮ್ಮ ಇಂಜಿನಿಯರುಗಳಿಗೆ ಹೇಳುವುದು ಅವಳ ಕೆಲಸ. ಗಂಡಸರು ಲಾಡ್ಜಿನಲ್ಲಿ ಉಳಿದರು. ಹೆಣ್ಣು ಒಬ್ಬಳೇ ಅಂತ ಕಂಪನಿಯವರು ನಮ್ಮ ಬೀದಿಯ ಒಂದು ಮನೆಯ ಮಹಡಿ ಕೋಣೆಯನ್ನ ಅವಳಿಗೆ ಹಿಡಿದು ಕೊಟ್ಟರು. ಅಡುಗೆಗೆ, ಬಟ್ಟೆಗೆ ನನ್ನನ್ನ ಇಟ್ಟರು.

ನಾನು ಅದಕ್ಕೆ ಮುಂಚೆ ಸೂಲಗಿತ್ತಿ. ತಾಳ್ಯದ ಸುತ್ತಿನ ಹಳ್ಳಿಗಳಲ್ಲಿ ನನ್ನ ಕೈಯಲ್ಲಿ ಹುಟ್ಟಿದವರು ಈಗ ಮೊಮ್ಮಕ್ಕಳನ್ನ ಕಂಡಿದ್ದಾರೆ. ಆಮೇಲೆ ಆಂಬುಲೆನ್ಸು ಬಂತು, ನನ್ನ ಹೆರಿಗೆ ಕೆಲಸ ಹೋಯಿತು. ಬಾಣಂತಿಗೆ ನೀರು ಎರೆಯುವುದು, ಕೂಸಿಗೆ ಎಣ್ಣೆ ತಿಕ್ಕುವುದು ಮಾತ್ರ ಉಳಿದಿತ್ತು. ಕೆಲಸ ಹೋದರೂ ಕಣ್ಣು ಹೋಗಿರಲಿಲ್ಲ. ಬೀದಿಯಲ್ಲಿ ಹೋಗುವ ಹೆಂಗಸಿನ ನಡಿಗೆ ನೋಡಿ ಎಷ್ಟು ತಿಂಗಳು ಅಂತ ಹೇಳುತ್ತಿದ್ದೆ.

ಆ ಕಣ್ಣಿಂದಲೇ ಈ ಹುಡುಗಿಯನ್ನ ನೋಡಿದೆ. ಬಂದ ವಾರದಲ್ಲೇ ಅನುಮಾನ ಬಂತು.

ಏಪ್ರಿಲ್ ಬಿಸಿಲು. ಕಲ್ಲು ಸಿಡಿಯುವ ಹಾಗೆ ಕಾಯುತ್ತಿತ್ತು. ಅವಳು ಕುಡಿಯುವುದು ಬಿಸಿನೀರು. ಹೊಗೆಯಾಡುವ ನೀರನ್ನ ಊದಿ ಊದಿ ಕುಡಿಯುವಳು. ಕಾಲಿಗೆ ಕಾಲುಚೀಲ. ಮಜ್ಜಿಗೆ ಕೊಟ್ಟರೆ ಕೈ ಅಲ್ಲಾಡಿಸಿ ಬೇಡ ಅನ್ನುವಳು. ಮಡಕೆ ನೀರು ಕೊಟ್ಟರೆ ಹೊಟ್ಟೆ ಹಿಡಿದುಕೊಂಡು ತೋರಿಸುವಳು. ಒಂದು ದಿನ ಸೊಂಟ ಹಿಡಿದುಕೊಂಡು ಬಂದು ಶುಂಠಿ ಜಜ್ಜಿ, ಕಪ್ಪು ಬೆಲ್ಲ ಹಾಕಿ, ಕುದಿಸಿ ಕುಡಿದಳು. ನಮ್ಮ ಕಡೆ ಇದನ್ನೆಲ್ಲ ಮಾಡುವವಳು ಒಬ್ಬಳೇ, ಹಸಿ ಬಾಣಂತಿ.

ಇದರ ಮೇಲೆ ಫೋನು. ಸಂಜೆ ಆದರೆ ಫೋನಿನಲ್ಲಿ ಒಂದು ಗಂಡು ಮಗು ಬರುವುದು. ನಾಲ್ಕು ವರ್ಷದ್ದಿರಬಹುದು. ಇವಳದೇ ಮೂಗು, ಇವಳದೇ ಹಣೆ.

ನಾನು ಲೆಕ್ಕ ಹಾಕಿದೆ. ಫೋನಿನಲ್ಲಿ ಬರುವುದು ದೊಡ್ಡ ಕೂಸು. ಅದರ ಕೆಳಗೆ ಇನ್ನೊಂದನ್ನ ಹೆತ್ತು, ಮೈ ಆರುವ ಮುಂಚೆ ಬಿಟ್ಟು ಬಂದಿದ್ದಾಳೆ. ಗಂಡನ ಮಾತೇ ಇಲ್ಲ.

ಕೆಳಗಿನ ಮನೆಯ ಯಜಮಾನಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕುಂತಿದ್ದಳು. ಅವಳ ಸೊಸೆ ಏಳು ತಿಂಗಳ ಬಸುರಿ. ಬಾಣಂತನಕ್ಕೆ ನನಗೇ ಹೇಳಿದ್ದರು. ನಾನೂ ಕುಂತು ಬೀಜ ಬಿಡಿಸುತ್ತಾ ಹೇಳಿಬಿಟ್ಟೆ.

"ಮೇಲಿರೋದು ಹುಡುಗಿ ಅಲ್ಲ ಕಣವ್ವ. ಹೆತ್ತ ಮೈ ಅದು."

"ಅಯ್ಯೋ, ಮದುವೆ ಆಗಿಲ್ಲ ಅಂತ ಕಂಪನಿಯೋರು ಕೊಟ್ಟ ಕಾಗದದಾಗೆ ಐತಲ್ಲೇ!"

"ಕಾಗದಕ್ಕೇನು ಗೊತ್ತು? ನನಗೆ ಗೊತ್ತು."

ಅವಳು ಹುಣಸೆಹಣ್ಣಿನ ಮೊರ ಪಕ್ಕಕ್ಕಿಟ್ಟಳು. "ನೀನು ಹೇಳಿದ್ಮೇಲೆ ಮುಗೀತು ಬಿಡು. ಬಸುರಿ ಇರೋ ಮನೆ ನಮ್ದು. ಕೂಸು ಬಿಟ್ಟು ಬಂದೋಳನ್ನ ತಲೆ ಮ್ಯಾಲೆ ಇಟ್ಕಳಾಕೆ ಆಗಲ್ಲ."

ಮೂರನೆಯ ದಿನ ಯಜಮಾನಿಯ ಗಂಡ ಇಂಜಿನಿಯರಿಗೆ ಫೋನ್ ಮಾಡಿ, ತಿಂಗಳ ಕೊನೆಗೆ ಕೋಣೆ ಖಾಲಿ ಆಗಬೇಕು ಅಂದ. ಏನು ಎತ್ತ ಅಂತ ಹೇಳಲಿಲ್ಲ.

ನಾನು ಮೇಲೆ ಹೋದಾಗ ಹುಡುಗಿ ನಾನು ಮಾಡಿಟ್ಟ ಅನ್ನದ ತಟ್ಟೆ ಮುಂದಿಟ್ಟುಕೊಂಡು ನೆಲದ ಮೇಲೆ ಕುಂತಿದ್ದಳು. ಅವಳ ಫೋನಿಗೆ ಕನ್ನಡ ಬರುತ್ತಿತ್ತು. ಅವಳು ತನ್ನ ಮಾತು ಆಡಿದರೆ ಅದು ಮೇಷ್ಟರು ಪಾಠ ಓದಿದ ಹಾಗೆ ಹೇಳುತ್ತಿತ್ತು. ಅದರ ಮೇಲೂ ನನಗೆ ನಂಬಿಕೆ ಇರಲಿಲ್ಲ. ಅವಳು ಆಡಿದ್ದನ್ನೇ ಹೇಳುತ್ತದೋ, ತನಗೆ ತೋಚಿದ್ದನ್ನೋ?

ಫೋನು ಹೇಳಿತು: "ಅಜ್ಜಿ, ಈ ಪಟ್ಟಣದಲ್ಲಿ ವಿದೇಶೀಯರಿಗೆ ಯಾರೂ ಮನೆ ನೀಡುವುದಿಲ್ಲ. ಪೊಲೀಸ್ ಠಾಣೆಗೆ ವಿಳಾಸದ ಪತ್ರ ನೀಡಬೇಕು. ಕೋಣೆ ದೊರೆಯದಿದ್ದರೆ ಕಂಪನಿ ನನ್ನನ್ನು ಹಿಂದಕ್ಕೆ ಕಳುಹಿಸುತ್ತದೆ."

"ಹೋಗವ್ವ. ನಿನ್ನೂರು, ನಿನ್ನ ಕೂಸು. ನೋಡ್ಕಂಡು ಇರು."

ಫೋನು ನನ್ನ ಮಾತನ್ನ ಅವಳಿಗೆ ಹೇಳಿತು. ಅವಳು ನನ್ನನ್ನೇ ನೋಡಿದಳು. ಆಮೇಲೆ ಎರಡು ಸಲ ಒಂದೇ ಮಾತನ್ನ ಗಟ್ಟಿಯಾಗಿ ಆಡಿದಳು.

"ಅವನು ನನ್ನ ತಮ್ಮ. ಅವನು ನನ್ನ ತಮ್ಮ."

"ಹತ್ತೊಂಬತ್ತು ವರ್ಷ ಚಿಕ್ಕ ತಮ್ಮನಾ? ಯಾರಿಗೆ ಹೇಳ್ತೀಯ?"

ಅವಳು ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ. ಫೋನು ಮಾತ್ರ ಒಂದೇ ದನಿಯಲ್ಲಿ ಹೇಳುತ್ತಾ ಹೋಯಿತು. ಅವಳು ಚಿಕ್ಕವಳಿದ್ದಾಗ ಅವರೂರಿನ ಗೋಡೆ ಮೇಲೆ ಒಂದೇ ಮಗು ಸಾಕು ಅಂತ ಬರೆದಿತ್ತಂತೆ. ಎರಡನೆಯದಾದರೆ ಸರ್ಕಾರ ದಂಡ ಹಾಕುತ್ತಿತ್ತಂತೆ. ನೀನೊಬ್ಬಳೇ ನಮಗೆ ಗಂಡೂ ಹೆಣ್ಣೂ ಅಂತ ಅವ್ವ ಅಪ್ಪ ಬೆಳೆಸಿದರಂತೆ. ಇವಳು ಕಾಲೇಜಿಗೆ ಹೋಗುವ ಹೊತ್ತಿಗೆ ಅದೇ ಗೋಡೆಗೆ ಸುಣ್ಣ ಬಳಿದು, ಇನ್ನೂ ಹೆರಿ ಅಂತ ಬರೆದರಂತೆ. ಅವ್ವ ನಲವತ್ತು ದಾಟಿದ ಮೇಲೆ ಹೆತ್ತಳು. ಅವಳ ಅಜ್ಜಿ ಇದ್ದ ಹಳ್ಳಿಮನೆಯನ್ನ ಸರ್ಕಾರದವರು ಕೆಡವಿ ಎಲ್ಲರನ್ನೂ ಹದಿನೆಂಟನೆಯ ಮಹಡಿಗೆ ಹತ್ತಿಸಿದ್ದಾರೆ. ಈಗ ಅವ್ವನಿಗೆ ಮಂಡಿನೋವು. ಬಂದು ತಮ್ಮನನ್ನ ಸಾಕು, ನಿನಗೂ ಒಂದು ಗಂಡು ನೋಡಿದ್ದೇವೆ ಅಂತ ದಿನಾ ಸಂಜೆ ಫೋನಿನಲ್ಲಿ ಆ ಹುಡುಗನನ್ನ ಮುಂದೆ ಕೂರಿಸುತ್ತಾರಂತೆ.

"ನನ್ನ ಜೊತೆ ಓದಿದವರಲ್ಲಿ ಅರ್ಧ ಜನ ಮದುವೆ ಬೇಡ ಎನ್ನುತ್ತಾರೆ. ನನಗೆ ಗೊತ್ತಿಲ್ಲ. ನಾನು ಇನ್ನೂ ಯೋಚಿಸಬೇಕು. ಯೋಚಿಸಲು ನನಗೆ ಈ ಕೋಣೆ ಮಾತ್ರ ಇದೆ."

"ಮತ್ತೆ ಬಿಸಿನೀರು ಯಾಕೆ ಕುಡೀತೀಯ?"

"ನಮ್ಮಲ್ಲಿ ಎಲ್ಲರೂ ಕುಡಿಯುತ್ತಾರೆ. ನನ್ನ ತಂದೆಯೂ ಕುಡಿಯುತ್ತಾರೆ."

ಎಲ್ಲ ಕೇಳಿದೆ. ನಂಬಲಿಲ್ಲ. ಈಗಿನ ಫೋನಿನಲ್ಲಿ ಸತ್ತವರನ್ನೂ ಮಾತಾಡಿಸುತ್ತಾರೆ, ಒಂದು ಕತೆ ಕಟ್ಟಲಿಕ್ಕೆ ಎಷ್ಟು ಹೊತ್ತು?

ಅಷ್ಟರಲ್ಲಿ ಫೋನು ಕೂಗಿತು. ಅದೇ ಮಗು. ಎಲ್ಲೋ ಬಿದ್ದಿತ್ತೋ ಏನೋ, ಕಿಟಾರನೆ ಅಳುತ್ತಿತ್ತು. ಹಿಂದೆ ತಲೆ ನರೆತ ಒಬ್ಬ ಹೆಂಗಸು ಓಡಿ ಬಂದು ಎತ್ತಿಕೊಂಡು, ಸೆರಗಿಲ್ಲದ ಎದೆಗೆ ಅವುಚಿಕೊಂಡು, ಒಂದು ಕಾಲ ಮೇಲೆ ಭಾರ ಬಿಟ್ಟು ತೂಗಿದಳು. ಹುಡುಗಿ ಬಾಯಿ ತೆರೆದು ಆಕಳಿಸಿದಳು. ಉಗುರಿನ ಸಂದಿಯ ಕೊಳೆ ತೆಗೆದಳು. ಫೋನನ್ನ ಬೋರಲು ಹಾಕಿದಳು.

ಆವಾಗ ನನಗೆ ಗೊತ್ತಾಯಿತು. ಹೆತ್ತವಳು ಎಷ್ಟೇ ಕಲ್ಲಾಗಲಿ, ಕೂಸು ಅತ್ತರೆ ಅವಳ ಮೈ ಮೊದಲು ತಿರುಗುತ್ತದೆ, ಮನಸ್ಸು ಆಮೇಲೆ. ಕೂಸು ಬೇಡ ಅಂತ ಗೋಡೆ ಕಡೆ ಮುಖ ಮಾಡಿ ಮಲಗಿದವರನ್ನೂ ಕಂಡಿದ್ದೇನೆ, ಅವರ ರವಿಕೆಯೂ ಒದ್ದೆಯಾಗುತ್ತಿತ್ತು. ಇವಳು ಅಕ್ಕ. ಬೇಜಾರಾದ ಅಕ್ಕ. ನಾಚಿಕೆಯಾಯಿತು. ನಾನೂ ನನ್ನ ಅತ್ತೆಯೂ ಒಂದೇ ವರ್ಷ ಬಾಣಂತಿಯರು. ಒಂದೇ ಒಲೆಯಲ್ಲಿ ಇಬ್ಬರಿಗೂ ನೀರು ಕಾಯುತ್ತಿತ್ತು. ನನ್ನ ಗಂಡ ತನ್ನ ಮಗನಿಗಿಂತ ಚಿಕ್ಕ ತಂಗಿಯನ್ನ ಎತ್ತಿ ಆಡಿಸಿದವನು. ಇದು ನನಗೆ ಹೊಳೆಯಲಿಲ್ಲ ನೋಡಿ.

"ಯಜಮಾನಿಗೆ ಹೇಳಿದೋಳು ನಾನೇ" ಅಂದೆ. ಫೋನು ಅದನ್ನೂ ಅವಳಿಗೆ ಹೇಳಿತು. ಅವಳು ತಟ್ಟೆಯಲ್ಲಿದ್ದ ಅನ್ನವನ್ನ ನನ್ನ ಕಡೆಗೆ ತಳ್ಳಿದಳು.

ಕೆಳಗೆ ಹೋದೆ.

"ನಾನು ಅಂದಿದ್ದು ತಪ್ಪು. ಅವಳು ಹೆತ್ತಿಲ್ಲ. ಅದು ಅವಳ ತಮ್ಮ" ಅಂದೆ.

ಯಜಮಾನಿ ಸೊಂಟದ ಮೇಲೆ ಕೈ ಇಟ್ಟಳು. "ಮೊನ್ನೆ ಗೊತ್ತು ಅಂದೆ, ಇವತ್ತು ಗೊತ್ತಿಲ್ಲ ಅಂತೀಯ. ಏನು ಕೊಟ್ಲು ನಿನಗೆ?"

"ತಿನ್ನೋ ಅನ್ನ ವಾಪಸ್ ಕೊಟ್ಲು."

"ಹಂಗಾದ್ರೆ ನಿನ್ನ ಕಣ್ಣು ತಪ್ಪಿತು ಅನ್ನು."

"ತಪ್ಪಿತು."

"ಸಾಕ್ಷಿ ಇಕ್ಕಂಡು ಅನ್ನು." ಸೊಸೆಯನ್ನ ಕೂಗಿದಳು. ಸೊಸೆ ಹೊಟ್ಟೆ ಹೊತ್ತುಕೊಂಡು ಬಾಗಿಲಿಗೆ ಬಂದು ನಿಂತಳು. ಆ ಸೊಸೆಯ ಮುಂದೆ, ನನ್ನ ಕೈಯಲ್ಲಿ ಎರೆಸಿಕೊಳ್ಳಬೇಕಾದವಳ ಮುಂದೆ, ನನ್ನ ಕಣ್ಣಿಗೆ ವಯಸ್ಸಾಯಿತು, ಹೆತ್ತ ಮೈ ಯಾವುದು ಹೆರದ ಮೈ ಯಾವುದು ಅಂತ ಗುರುತು ಸಿಗಲಿಲ್ಲ ಅಂತ ಹೇಳಿದೆ.

ಯಜಮಾನಿಗೆ ಅಷ್ಟು ಸಾಕಾಯಿತು. "ಇರ್ಲಿ ಬಿಡು. ಅವಳು ಕೆಲಸ ಮುಗಿಯೋತನಕ ಇರ್ಲಿ. ಆದ್ರೆ ಇವಳ ಬಾಣಂತನಕ್ಕೆ ನೀನು ಬ್ಯಾಡ. ಹೊಳಲ್ಕೆರೆ ಕಡೆಯೋಳು ಒಬ್ಬಳಿದ್ದಾಳೆ, ಅವಳಿಗೆ ಹೇಳ್ತೀನಿ."

"ಹೇಳ್ರಿ" ಅಂದೆ. ಬೀದಿಯಲ್ಲಿ ಆ ಮಾತು ನನಗಿಂತ ಮುಂಚೆ ಮನೆ ಸೇರಿತ್ತು. ಆಮೇಲೆ ಎರೆಯಲಿಕ್ಕೆ ಯಾರೂ ಕರೆದಿಲ್ಲ.

ಹುಡುಗಿ ಮೂರು ದಿನ ನಾನು ಮಾಡಿದ್ದನ್ನ ತಿನ್ನಲಿಲ್ಲ. ನಾಲ್ಕನೆಯ ದಿನ ತಿಂದಳು. ಥ್ಯಾಂಕ್ಸ್ ಅನ್ನಲಿಲ್ಲ, ನಾನೂ ಕಾಯಲಿಲ್ಲ. ಫೋನು ಮುಂದೆ ಹಿಡಿದು ಒಂದೇ ಮಾತು ಹೇಳಿಸಿದಳು: "ಅಜ್ಜಿ, ಇನ್ನು ಮುಂದೆ ಒಳಗೆ ಬರುವ ಮೊದಲು ಬಾಗಿಲು ತಟ್ಟಿರಿ."

ಅಲ್ಲಿಂದ ತಟ್ಟುತ್ತಿದ್ದೇನೆ. ಈ ವಯಸ್ಸಿನ ತನಕ ಯಾರ ಬಾಗಿಲೂ ತಟ್ಟಿದವಳಲ್ಲ, ಸೂಲಗಿತ್ತಿಗೆ ಎಲ್ಲ ಬಾಗಿಲೂ ತೆರೆದೇ ಇರುತ್ತಿದ್ದವು. ಅವಳು ತೆಗೆಯಲಿಕ್ಕೆ ಹೊತ್ತು ಮಾಡುತ್ತಾಳೆ. ಯೋಚನೆ ಮಾಡುತ್ತಾ ಇದ್ದೆ ಅನ್ನುತ್ತಾಳೆ. ಅಷ್ಟು ಹೊತ್ತು ಒಳಗೆ ಅದೆಂಥ ಯೋಚನೆಯೋ. ನನಗೆ ಈಗಲೂ ಅನುಮಾನವೇ.