ನಾಲ್ಕು ಅಂಗುಲ ಕೆಳಗಿನ ನೆಲ

ಬಟ್ಟೆಯಕ್ಕ ಎಂದು ಅವಳಿಗೆ ಹೆಸರಿಟ್ಟವರು ಸ್ಟುಡಿಯೋದವರು. ಜಾಹೀರಾತಿನ ಅನಿಮೇಷನ್ ಚಿತ್ರಗಳಲ್ಲಿ ಯಾರ ಅಂಗಿ ಗಾಳಿಗೆ ಹಾರಬೇಕಾದರೂ, ಯಾವ ಕಿಟಕಿಯ ಪರದೆ ಅಲುಗಬೇಕಾದರೂ ಆ ಕೆಲಸ ಅವಳ ಮೇಜಿಗೇ ಬರುತ್ತಿತ್ತು. ಮುಖ ಮಾಡುವವರು ಬೇರೆ, ಕೂದಲು ಮಾಡುವವರು ಬೇರೆ. ಬಟ್ಟೆ ಮಾತ್ರ ಅವಳದು. ಹದಿನಾಲ್ಕು ವರ್ಷದಿಂದ ನನ್ನ ಹೆಂಡತಿ ಕಂಪ್ಯೂಟರಿನೊಳಗೆ ಬಟ್ಟೆ ಒಣಗಿಸುತ್ತಿದ್ದಾಳೆ ಎಂದು ಅವಳ ಗಂಡ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಅವನು ಕಾರು ಕಲಿಸುವವನು. ಪಕ್ಕದ ಸೀಟಿನಲ್ಲಿ ಕೂತು, ಇನ್ನೊಬ್ಬರು ತಪ್ಪು ಮಾಡುವ ಮೊದಲೇ ಬ್ರೇಕ್ ಒತ್ತುವುದು ಅವನ ಕಸುಬು. ಮನೆಗೆ ಬಂದರೂ ಆ ಅಭ್ಯಾಸ ಬಿಟ್ಟಿರಲಿಲ್ಲ.

ಆ ವರ್ಷವೆಲ್ಲ ಅವಳ ಬೆಳಗು ಒಂದೇ ರೀತಿ ಶುರುವಾಗುತ್ತಿತ್ತು. ಹಾಲು ಒಲೆಯ ಮೇಲಿಟ್ಟು ಫೋನ್ ತೆಗೆಯುವುದು. ಬರಲಿರುವ ಹೊಸ ಪ್ರೊಸೆಸರಿನ ಸುದ್ದಿ ಹುಡುಕುವುದು. ಯಾರೋ ಕದ್ದು ತೆಗೆದ ಮಸುಕು ಫೋಟೋ, ಇನ್ಯಾರೋ ಬಲ್ಲವರಿಂದ ಕೇಳಿದೆನೆಂದು ಹಾಕಿದ ನಾಲ್ಕು ಸಾಲು, ಅದು ಸುಳ್ಳೆಂದು ಮತ್ತೊಬ್ಬ ಬರೆದ ನಲವತ್ತು ಸಾಲು, ಎಲ್ಲವನ್ನೂ ಒಂದಕ್ಷರ ಬಿಡದೆ ಓದುವುದು. ಅಷ್ಟರಲ್ಲಿ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿರುತ್ತಿತ್ತು.

"ಬಂತಾ?" ಎಂದು ಗಂಡ ಒಳಗಿನಿಂದ ಕೇಳುತ್ತಿದ್ದ.

"ಜೂನಲ್ಲಂತೆ."

"ಹಾಲು ಇವತ್ತೇ ಬಂದುಬಿಡ್ತಲ್ಲ. ವಾಸನೆ ಇಲ್ಲಿವರೆಗೂ ಬಂತು."

ಅವಳು ನಗುತ್ತಿರಲಿಲ್ಲ. ಆ ಪ್ರೊಸೆಸರಿಗಾಗಿ ಕಾಯುತ್ತಿದ್ದದ್ದು ಒಂದು ಚಿತ್ರ.

ಒಂಬತ್ತು ನಿಮಿಷದ ಆ ಚಿತ್ರ ಅವಳ ಸ್ವಂತದ್ದು. ರಜಾದಿನಗಳನ್ನು ಕೂಡಿಸಿ ಕೂಡಿಸಿ ಅದಕ್ಕೆ ಆರು ವರ್ಷ ಕೊಟ್ಟಿದ್ದಳು. ಅವಳ ಅಮ್ಮ ಮೂವತ್ತೊಂದು ವರ್ಷ ಒಂದು ದೊಡ್ಡ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ ಮಾಡಿದವಳು. ಶಾಲೆ ಬಿಟ್ಟ ಮೇಲೆ ಮಗಳು ನೇರ ಅಲ್ಲಿಗೇ ಹೋಗಿ, ಮಹಡಿಯ ಮೇಲೆ ಮಗುಚಿದ ಬುಟ್ಟಿಯೊಂದರ ಮೇಲೆ ಕೂತು ಪಾಠ ಬರೆಯುತ್ತಿದ್ದಳು. ಸುತ್ತಲೂ ಹಗ್ಗಗಳ ಸಾಲು; ಹಗ್ಗಗಳ ತುಂಬ ನೀಲಿ ಅಂಚಿನ ಬಿಳಿ ಹಾಸುಗಳು. ಗಾಳಿ ಬಂದರೆ ಅಷ್ಟೂ ಒಟ್ಟಿಗೆ ಉಸಿರೆಳೆದ ಹಾಗೆ ಉಬ್ಬುತ್ತಿದ್ದವು. ಅವುಗಳ ನಡುವೆ ಅಮ್ಮ ಮತ್ತು ಅಮ್ಮನ ಜೊತೆಗಾತಿ ಎದುರುಬದುರು ನಿಂತು ಹಾಸು ಮಡಿಸುವುದು ಕಾಣುತ್ತಿತ್ತು, ಮರೆಯಾಗುತ್ತಿತ್ತು, ಮತ್ತೆ ಕಾಣುತ್ತಿತ್ತು. ಜೊತೆಗಾತಿ ಎಲ್ಲರಿಗಿಂತ ಒಂದು ಗೇಣು ಎತ್ತರವಿದ್ದುದರಿಂದ ಅವಳನ್ನು ಉದ್ದಿ ಎನ್ನುತ್ತಿದ್ದರು. ಅವಳು ತೀರಿಕೊಂಡು ಈಗ ಎಂಟು ವರ್ಷ.

ಚಿತ್ರದಲ್ಲಿ ಇದ್ದದ್ದು ಇಷ್ಟೇ: ಮಹಡಿ, ಗಾಳಿ, ಇನ್ನೂರ ಹನ್ನೆರಡು ಹಾಸುಗಳು, ಇಬ್ಬರು ಹೆಂಗಸರು. ಚಲನೆಯೆಲ್ಲ ಮುಗಿದಿತ್ತು. ಉಳಿದಿದ್ದದ್ದು ರೆಂಡರ್ ಮಾತ್ರ. ಅಂದರೆ ಸಿನಿಮಾದ ಒಂದೊಂದು ಬಿಡಿಚಿತ್ರದಲ್ಲೂ ಬೆಳಕು ಎಲ್ಲಿ ಬಿತ್ತು, ನೂಲಿನ ಎಳೆಯೊಳಗಿಂದ ಎಷ್ಟು ತೂರಿತು, ನೀಲಿ ಅಂಚು ಪಕ್ಕದ ಬಿಳಿಗೆ ಎಷ್ಟು ಬಣ್ಣ ಚೆಲ್ಲಿತು ಎಂದು ಕಂಪ್ಯೂಟರ್ ಲೆಕ್ಕ ಹಾಕಿ ಬಿಡಿಸುವುದು. ಅವಳ ಮನೆಯ ಹಳೆಯ ಕಂಪ್ಯೂಟರಿಗೆ ಒಂದು ಬಿಡಿಚಿತ್ರಕ್ಕೆ ಮೂವತ್ತೆಂಟು ನಿಮಿಷ ಹಿಡಿಯುತ್ತಿತ್ತು. ಸೆಕೆಂಡಿಗೆ ಇಪ್ಪತ್ನಾಲ್ಕು ಬಿಡಿಚಿತ್ರ. ಹಗಲು ರಾತ್ರಿ ಬಿಡದೆ ಓಡಿಸಿದರೂ ಮುನ್ನೂರ ನಲವತ್ತೆರಡು ದಿನ. ಸ್ಟುಡಿಯೋದ ಯಂತ್ರಗಳು ಒಂದು ಗಳಿಗೆಯೂ ಖಾಲಿ ಇರುತ್ತಿರಲಿಲ್ಲ. ಹೊರಗೆ ಬಾಡಿಗೆಗೆ ಸಿಗುವವು ಅವಳ ಕೈಗೆಟುಕುವಂಥವಲ್ಲ. ಹೊಸ ಪ್ರೊಸೆಸರ್ ಚಿತ್ರದ ಕೆಲಸಕ್ಕೆಂದೇ ಮಾಡಿದ್ದು. ಇನ್ನೂರ ಹನ್ನೆರಡು ಹಾಸುಗಳನ್ನೂ ಒಂದೇ ಬಾರಿಗೆ ನೆನಪಿನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ ಎನ್ನುತ್ತಿದ್ದರು. ಅವಳ ಲೆಕ್ಕದಲ್ಲಿ ಅದಕ್ಕೆ ನಲವತ್ತಮೂರು ದಿನ ಸಾಕು.

ಅಮ್ಮ ಈಗ ಮಗಳ ಮನೆಯಲ್ಲೇ ಇದ್ದಳು, ಕಣ್ಣು ಮಂಜಾಗುತ್ತಿತ್ತು. ಫೆಬ್ರವರಿಯಲ್ಲಿ ಕಣ್ಣಿನ ಡಾಕ್ಟರು ಅಮ್ಮನನ್ನು ಹೊರಗೆ ಕೂರಿಸಿ ಅವಳೊಬ್ಬಳನ್ನೇ ಒಳಗೆ ಕರೆದರು. ನೋಟದ ನಡುಭಾಗ ಸವೆಯುತ್ತಿದೆ ಎಂದರು. ಎಷ್ಟು ಬೇಗ ಎಂದು ಹೇಳಲಾಗುವುದಿಲ್ಲ. ಅವರಿಗೆ ಏನಾದರೂ ತೋರಿಸಬೇಕೆಂದಿದ್ದರೆ ತೋರಿಸಿಬಿಡಿ, ಮುಂದೂಡಬೇಡಿ ಎಂದರು.

ಅವಳು ಅಂದೇ ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದಳು. ಇವತ್ತೇ ಹಳೆಯದರಲ್ಲಿ ಶುರು ಮಾಡಿದರೆ ಬರುವ ಜನವರಿಗೆ ಮುಗಿಯುತ್ತದೆ. ಜೂನಿನಲ್ಲಿ ಹೊಸದರಲ್ಲಿ ಶುರು ಮಾಡಿದರೆ ಜುಲೈಗೇ ಮುಗಿಯುತ್ತದೆ. ಹಾಗಿದ್ದ ಮೇಲೆ ಹಳೆಯದನ್ನು ಓಡಿಸಿ ಕಾಯಿಸುವುದು ಯಾಕೆ? ಲೆಕ್ಕದಲ್ಲಿ ತಪ್ಪಿರಲಿಲ್ಲ. ಮೂರು ಸಲ ಕೂಡಿ ನೋಡಿದಳು. ಅದೇ ಬಂತು. ಕಾಗದ ಮಡಿಸಿಟ್ಟು ಕಾಯತೊಡಗಿದಳು.

ಅವಳ ಬೀದಿಯಲ್ಲೇ ಕಂಪ್ಯೂಟರ್ ಜೋಡಿಸಿಕೊಡುವವನೊಬ್ಬನಿದ್ದ. ಎಂಥ ಯಂತ್ರವನ್ನೂ ಡಬ್ಬಿ ಎನ್ನುತ್ತಿದ್ದುದರಿಂದ ಅವನು ಡಬ್ಬಿಯಣ್ಣ. ಹೊಸ ಪ್ರೊಸೆಸರ್ ಕೂರುವ ಬೋರ್ಡು ಮಾತ್ರ ಮೊದಲೇ ಅಂಗಡಿಗೆ ಬಂದಿತ್ತು. ಅದನ್ನು ತರಿಸಿ, ಫ್ಯಾನು ಕೂರಿಸಿ, ತಂತಿಗಳನ್ನೆಲ್ಲ ಜಡೆ ಹಾಕಿದಂತೆ ಕಟ್ಟಿ ಅವನು ಸಿದ್ಧ ಮಾಡಿಟ್ಟಿದ್ದ. ನಟ್ಟನಡುವೆ ಒಂದು ಚೌಕ ಖಾಲಿ. ಕೆಲಸದಿಂದ ಬರುವಾಗ ಅವಳು ದಿನವೂ ಅಂಗಡಿಗೆ ಇಣುಕಿ ಆ ಖಾಲಿ ಚೌಕ ನೋಡಿಕೊಂಡು ಬರುತ್ತಿದ್ದಳು.

"ಏನಪ್ಪಾ, ಏನಾದ್ರೂ ಗೊತ್ತಾಯ್ತಾ?"

"ಕುರ್ಚಿ ಹಾಕಿದ್ದೀನಿ, ದೀಪ ಹಾಕಿದ್ದೀನಿ, ಫ್ಯಾನೂ ಹಾಕಿದ್ದೀನಿ ಅಕ್ಕ. ಕೂರೋರು ಬರಬೇಕಲ್ಲ! ನೀವು ಹೀಗೆ ದಿನಾ ಬಂದು ನೋಡಿದ್ರೆ ಅದಕ್ಕೂ ನಾಚಿಕೆ ಆಗುತ್ತೆ."

ಜೂನ್ ಬಂತು. ಪ್ರೊಸೆಸರ್ ಬರಲಿಲ್ಲ. ಸೆಪ್ಟೆಂಬರ್ ಎಂದರು. ಅವಳು ಮತ್ತೆ ಕಾಗದ ತೆಗೆದಳು. ಸೆಪ್ಟೆಂಬರಿನಲ್ಲಿ ಶುರು ಮಾಡಿದರೆ ಅಕ್ಟೋಬರಿಗೆ ಮುಗಿಯುತ್ತದೆ. ಹಳೆಯದರಲ್ಲಿ ಈಗ ಶುರು ಮಾಡಿದರೆ ಮುಂದಿನ ಮೇ. ಲೆಕ್ಕ ಮತ್ತೆ ಕಾಯುವುದೇ ಸರಿ ಎಂದಿತು.

ಈ ನಡುವೆ ಅಮ್ಮ ಅವಳ ಜೊತೆ ಮಾತಾಡುವಾಗ ಮುಖ ನೋಡುವುದನ್ನು ಬಿಟ್ಟಿದ್ದಳು. ನೋಟ ಪಕ್ಕಕ್ಕೆಲ್ಲೋ ಹೋಗಿರುತ್ತಿತ್ತು.

"ಅಮ್ಮ, ನನ್ ಮುಖ ನೋಡ್ಕೊಂಡು ಹೇಳಮ್ಮ."

"ನಿನ್ ಮುಖಾನೇ ಕಣೇ ನೋಡ್ತಿರೋದು. ಕಿವಿ ನೋಡಿದ್ರೆ ಮುಖ ಕಾಣುತ್ತೆ. ಮುಖಾನೇ ನೋಡಿದ್ರೆ ಯಾರೋ ಅಲ್ಲಿ ಹೆಬ್ಬೆಟ್ಟು ಒತ್ತಿದ ಹಾಗಿರುತ್ತೆ." ಅಮ್ಮ ಒಗೆದ ಟವೆಲುಗಳನ್ನು ಮಡಿಸುತ್ತಿದ್ದಳು, ಕೈ ತನ್ನಷ್ಟಕ್ಕೆ ಅಂಚು ಹುಡುಕಿ ಅಂಚಿಗೆ ಸೇರಿಸುತ್ತಿತ್ತು. "ನಿನ್ ಸಿನಿಮಾ ಎಲ್ಲಿಗ್ ಬಂತು? ನಾನು ಸತ್ಮೇಲೆ ಹಾಕ್ತೀಯಾ ಹೇಗೆ?"

"ಮುಗೀತಾ ಬಂತು."

"ಹಾಗಂತ ಹೋದ್ ವರ್ಷಾನೂ ಅಂದಿದ್ದೆ."

ಸೆಪ್ಟೆಂಬರಿನ ಮೊದಲ ವಾರ ಕಂಪನಿಯವರು ಎರಡೇ ಸಾಲು ಬರೆದು ಹಾಕಿದರು: ಇನ್ನಷ್ಟು ಪರೀಕ್ಷೆ ಬೇಕಾಗಿರುವುದರಿಂದ ಬಿಡುಗಡೆ ಮುಂದಿನ ವರ್ಷ. ತಿಂಗಳು ಹೇಳಿರಲಿಲ್ಲ. ಅವಳು ಆ ಎರಡು ಸಾಲನ್ನು ಮತ್ತೆ ಮತ್ತೆ ಓದಿದಳು, ಓದಿದಷ್ಟೂ ಮೂರನೆಯ ಸಾಲು ಹುಟ್ಟೀತೇನೋ ಎಂಬಂತೆ. ಹಾಲು ಉಕ್ಕಿತು. ಗಂಡ ಬಂದು ಒಲೆ ಆರಿಸಿದ. ಆ ದಿನ ಅವನು ನಗೆಯಾಡಲಿಲ್ಲ.

"ಒಂದ್ ಮಾತ್ ಹೇಳ್ಲಾ? ಬೈಬಾರ್ದು."

"ಹೇಳಿ."

"ಫೆಬ್ರವರಿಲಿ ಆ ಹಳೇದನ್ನೇ ಓಡಿಸಿದ್ದಿದ್ರೆ ಇಷ್ಟೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಆಗಿರ್ತಿತ್ತು. ಕಾರ್ ಕಲಿಯೋಕೆ ಬರೋರಲ್ಲೂ ಕೆಲವರಿರ್ತಾರೆ. ರಸ್ತೆ ಪೂರ್ತಿ ಖಾಲಿ ಆಗ್ಲಿ ಅಂತ ಗೇಟಲ್ಲೇ ನಿಂತಿರ್ತಾರೆ."

"ನನ್ ಲೆಕ್ಕ ಸರಿಯಾಗೇ ಇತ್ತು," ಎಂದಳು ಅವಳು.

"ಲೆಕ್ಕ ಸರಿ ಇತ್ತು ಕಣೆ. ನಾನ್ ಎಲ್ಲಿ ಇಲ್ಲ ಅಂದೆ."

ಆ ಭಾನುವಾರ ಬೆಳಿಗ್ಗೆ ಅವಳು ತನ್ನ ಕೋಣೆಯಲ್ಲಿ ಕೂತು ಏನನ್ನು ಕಿತ್ತುಹಾಕಬಹುದು ಎಂದು ನೋಡುತ್ತಿದ್ದಳು. ಮೇಜಿನ ಕೆಳಗೆ ಕಾಲು ನಿಲ್ಲದೆ ಕುಣಿಯುತ್ತಿತ್ತು. ನೂರು ಹಾಸು ತೆಗೆದರೆ? ನೂಲಿನ ಎಳೆ ಬಿಟ್ಟರೆ? ಯಾವುದಕ್ಕೂ ಮನಸ್ಸು ಒಪ್ಪದು. ಪರದೆಯ ಮೇಲೆ ಚಲನೆ ನೋಡಿಕೊಳ್ಳಲು ಇಟ್ಟುಕೊಂಡಿದ್ದ ಬೂದು ಪ್ರತಿ ಓಡುತ್ತಿತ್ತು. ಅದರಲ್ಲಿ ಬಣ್ಣವಿಲ್ಲ, ನೂಲಿಲ್ಲ, ಅಂಚಿಲ್ಲ. ಹೆಂಗಸರಿಗೆ ಮುಖವೂ ಇಲ್ಲ. ಜೇಡಿಮಣ್ಣಿನ ಬೊಂಬೆಗಳು ಜೇಡಿಮಣ್ಣಿನ ಹಾಸು ಹಿಡಿದ ಹಾಗೆ. ಇಂಥದ್ದನ್ನು ಸ್ಟುಡಿಯೋದಲ್ಲಿ ಹೊರಗಿನವರಿಗೆ ತೋರಿಸುವ ರೂಢಿಯೇ ಇಲ್ಲ. ಅಡಿಗೆಮನೆಯ ಕಸದ ಬುಟ್ಟಿ ತೋರಿಸಿದ ಹಾಗೆ.

ಅಮ್ಮ ಸೂಜಿಗೆ ದಾರ ಪೋಣಿಸಿಕೊಡು ಎಂದು ಕೇಳಲು ಬಂದವಳು ಬಾಗಿಲಲ್ಲೇ ನಿಂತಳು. ನೋಟ ಪರದೆಯ ಪಕ್ಕದ ಗೋಡೆಯ ಮೇಲಿತ್ತು.

"ಉದ್ದಿ ಅಲ್ವೇನೇ ಅದು?"

ಬಟ್ಟೆಯಕ್ಕನ ಕಾಲು ಕುಣಿಯುವುದು ನಿಂತಿತು. "ನಿನಗೆ ಹೇಗ್ ಗೊತ್ತಾಯ್ತು?"

"ಹಾಸು ಒದರೋದ್ರಲ್ಲೇ ಗೊತ್ತಾಗಲ್ವಾ? ಎಡಗೈ ಮೊದ್ಲು. ಅವಳದ್ದು ಯಾವಾಗ್ಲೂ ಎಡಗೈ ಮೊದ್ಲು." ಅಮ್ಮ ಗೋಡೆ ನೋಡುತ್ತಲೇ ಎರಡು ಹೆಜ್ಜೆ ಮುಂದೆ ಬಂದಳು. "ಅಯ್ಯೋ, ಇದ್ಯಾಕೆ ಇಬ್ರೂ ನಡೀತಿದ್ದಾರೆ?" ಎಂದಳು.

"ಮಡಿಸೋಕೆ. ಮಧ್ಯದಲ್ಲಿ ಬಂದು ಸೇರ್ತಾರೆ."

"ಮದುವೆ ಆಗೋಕೇನೇ ಮಧ್ಯದಲ್ಲಿ ಬಂದು ಸೇರೋದು? ಇಬ್ರೂ ಯಾವತ್ತೂ ನಡೀತಿರ್ಲಿಲ್ಲ. ಬಾಗಿಲ ಕಡೆಯೋಳು ನಿಂತು ಕೈ ಮೇಲೆತ್ತಬೇಕು. ಇನ್ನೊಬ್ಳು ನಡೆದು ಬರಬೇಕು. ಇಬ್ರೂ ನಡೆದ್ರೆ ಕೈ ಎತ್ತೋರ್ಯಾರು? ಹಾಸು ನೆಲ ಮುಟ್ಟುತ್ತೆ. ನೆಲ ಮುಟ್ಟಿದ್ರೆ ಮತ್ತೆ ಒಗೀಬೇಕು. ನಿನ್ ಹಾಸು ಹೇಗೆ ನೆಲ ಮುಟ್ಟಿಲ್ಲ?"

ಬಟ್ಟೆಯಕ್ಕನ ಕಿವಿ ಬಿಸಿಯಾಯಿತು. ಹಾಸು ನೆಲ ಮುಟ್ಟುತ್ತಿತ್ತು. ಎರಡು ವರ್ಷದ ಹಿಂದೆ ಆ ದೃಶ್ಯ ಮಾಡುವಾಗ ಪ್ರತಿ ಸಲವೂ ಮುಟ್ಟುತ್ತಿತ್ತು. ಏನು ಮಾಡಿದರೂ ಸರಿಹೋಗದೆ, ಅವಳ ಕಸುಬಿನವರೆಲ್ಲ ಮಾಡುವ ಕಳ್ಳತನವೊಂದನ್ನು ಮಾಡಿದ್ದಳು: ನೆಲ ನಾಲ್ಕು ಅಂಗುಲ ಕೆಳಗಿದೆ ಎಂದು ಬಟ್ಟೆಗೆ ಸುಳ್ಳು ಹೇಳಿ, ನೋಡುವವರಿಗೆ ಇಳಿದದ್ದು ಗೊತ್ತಾಗದಂತೆ ಅಂಚನ್ನು ನೆರಳಲ್ಲಿ ಮುಚ್ಚಿದ್ದಳು. ಸ್ಟುಡಿಯೋದ ಗೆಳೆಯರಿಗೆ ತೋರಿಸಿದಾಗಲೂ ಅಷ್ಟು ಕಣ್ಣುಗಳಲ್ಲಿ ಒಂದೂ ಅದನ್ನು ಹಿಡಿದಿರಲಿಲ್ಲ.

"ಅಮ್ಮ, ಒಂದ್ಸಲ ಮಾಡಿ ತೋರ್ಸು."

ಮಂಚದ ಹಾಸು ಕಿತ್ತು ತಂದರು. ಗಂಡನನ್ನು ಕರೆದು ಎದುರಿಗೆ ನಿಲ್ಲಿಸಿದರು.

"ಅಳಿಯಂದ್ರೇ, ನೀವು ಉದ್ದಿ. ಕೈ ಎತ್ತಿ."

"ಎಷ್ಟು ಅತ್ತೆ?"

"ಶರಣಾಗೋರ್ ಥರ. ಇನ್ನೂ ಮೇಲೆ. ನಡೀಬೇಡಿ! ನಿಂತ್ಕೊಳಿ ಅಂದ್ರೆ ಯಾಕೆ ನಡೀತೀರಿ?"

"ಬ್ರೇಕ್ ಇಲ್ದೆ ಇರೋ ಗಾಡಿ ನಾನು," ಎಂದ ಅವನು. ಅಮ್ಮ ಮೂರು ಹೆಜ್ಜೆ ನಡೆದು ಬಂದು, ಬಗ್ಗಿ, ಕೆಳಗಿನ ಮಡಿಕೆಯನ್ನು ನೆಲಕ್ಕೆ ಎರಡು ಬೆರಳು ಮೇಲಿರುವಾಗಲೇ ಹಿಡಿದಳು. ಕಣ್ಣು ಬೇರೆ ಎಲ್ಲೋ ಇತ್ತು. ಮಗಳು ಫೋನಿನಲ್ಲಿ ಅದನ್ನು ತೆಗೆದುಕೊಂಡಳು. ಮೊದಲನೆಯದು ಹಾಳಾಯಿತು, ಮತ್ತೆ ಮಾಡಿಸಿದಳು.

ಅಮ್ಮನಿಗೆ ಸೂಜಿಯ ಕಣ್ಣು ಕಾಣದು, ಮಗಳ ಮೂಗು ಕಾಣದು. ಆದರೆ ಪಕ್ಕದಲ್ಲಿ ಅಲುಗಿದ್ದು ಕಾಣುತ್ತದೆ. ಹಾಗಾದರೆ ಆರು ವರ್ಷ ನೂಲಿನ ಎಳೆ ಎಣಿಸಿ ಎಣಿಸಿ ಕೂರಿಸಿದ್ದು ಯಾರಿಗಾಗಿ? ಆ ಪ್ರಶ್ನೆ ಅವಳನ್ನು ಕೂರಗೊಡಲಿಲ್ಲ, ನಿಲ್ಲಗೊಡಲಿಲ್ಲ. ಮರುದಿನ ಸಂಜೆ ಅಂಗಡಿಗೆ ಇಣುಕದೆ ಮನೆಗೆ ಬಂದಳು. ಅರ್ಧ ದಾರಿಗೆ ಬಂದ ಮೇಲೆ ತಿರುಗಿ ಹೋಗಿ ಇಣುಕಿಯೂ ಬಂದಳು.

ಇಬ್ಬರ ನಡಿಗೆಯನ್ನೂ ಅಳಿಸಿ ಹೊಸದಾಗಿ ಮಾಡಲು ಐದು ವಾರ ಹಿಡಿಯಿತು. ನೆಲವನ್ನು ಅದರ ಜಾಗಕ್ಕೆ ಎತ್ತಿದಳು. ಮೊದಲ ದಿನ ಹಾಸು ಮತ್ತೆ ನೆಲ ಮುಟ್ಟಿತು. ಉದ್ದಿಯ ಕೈ ಇನ್ನಷ್ಟು ಎತ್ತಿಸಿದಳು. ಹದಿನಾರನೆಯ ಸಲ, ಎರಡು ಬೆರಳು ಉಳಿಯಿತು. ಆಮೇಲೆ ನೂಲು ಬಿಟ್ಟು, ಬಣ್ಣ ಬಿಟ್ಟು, ಬೆಳಕು ನೆರಳು ಎರಡನ್ನೇ ಇಟ್ಟುಕೊಂಡು ಹಳೆಯ ಕಂಪ್ಯೂಟರನ್ನೇ ಓಡಿಸಿದಳು. ಒಂದು ಬಿಡಿಚಿತ್ರಕ್ಕೆ ಅರ್ಧ ನಿಮಿಷ. ನಾಲ್ಕೂವರೆ ದಿನದಲ್ಲಿ ಮುಗಿಯಿತು. ಅಷ್ಟು ಬೇಗ ಮುಗಿದದ್ದಕ್ಕೆ ಖುಷಿಪಡಬೇಕೋ ಹೊಟ್ಟೆ ಉರಿಸಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ.

ಗಂಡ ರಸ್ತೆಯ ಚಿಹ್ನೆಗಳನ್ನು ಪಾಠ ಮಾಡುವ ಪ್ರೊಜೆಕ್ಟರನ್ನು ತಂದ. ಮಧ್ಯಾಹ್ನ ಊಟವಾದ ಮೇಲೆ ಕಿಟಕಿಗೆ ಕಂಬಳಿ ಹೊದಿಸಿದರು. ಚಿತ್ರ ಗೋಡೆಯಷ್ಟಗಲ ಬಂತು. ಅಮ್ಮ ಕುರ್ಚಿಯನ್ನು ಎಡಕ್ಕೆ ಸರಿಸಿ, ಮೂಲೆಯ ಕಪಾಟನ್ನು ನೋಡಿಕೊಂಡು ಕೂತಳು. ಗಾಳಿ ಬಂತು, ಇನ್ನೂರ ಹನ್ನೆರಡು ಬೂದು ಹಾಸುಗಳು ಉಬ್ಬಿದವು. ಉದ್ದಿ ಎಡಗೈ ಮೊದಲು ಮಾಡಿ ಒದರಿದಳು, ಕೈ ಎತ್ತಿ ನಿಂತಳು. ಗೋಡೆಯ ಮೇಲಿನ ಅಮ್ಮ ನಡೆದು ಹೋಗಿ ಬಗ್ಗಿ ಮಡಿಕೆ ಹಿಡಿದಳು. ಕುರ್ಚಿಯಲ್ಲಿದ್ದ ಅಮ್ಮನ ಬೆರಳುಗಳು ಮಡಿಲಲ್ಲಿ ಸಣ್ಣಗೆ ಮುಚ್ಚಿಕೊಂಡವು.

ಮಗಳು ಗೋಡೆ ನೋಡಲಿಲ್ಲ. ಅಮ್ಮನನ್ನೇ ನೋಡುತ್ತಿದ್ದಳು, ಉಗುರು ಕಚ್ಚುತ್ತ.

ನಡುವೆ ಅವಳ ಫೋನ್ ಮಿನುಗಿತು. ಡಬ್ಬಿಯಣ್ಣನ ಸಂದೇಶ: 'ಅಕ್ಕ, ತಾರೀಖು ಬಂತು! ಮಾರ್ಚ್ ಹದಿನೇಳು. ಈ ಸಲ ಪಕ್ಕಾ.' ಅವಳ ಬೆರಳು ತನ್ನಷ್ಟಕ್ಕೇ ಫೋನಿನ ಮೇಲೆ ಓಡಿತು. ಮಾರ್ಚಿಗೆ ನಲವತ್ತಮೂರು ಕೂಡಿತು. ಅಷ್ಟರಲ್ಲಿ ಗಂಡ ಮೆಲ್ಲಗೆ ಅವಳ ಕಾಲು ತುಳಿದ, ಬ್ರೇಕ್ ಒತ್ತುವ ಹಾಗೆ. ಫೋನನ್ನು ಮಗುಚಿಟ್ಟಳು.

ಚಿತ್ರ ಮುಗಿದು ಗೋಡೆ ಬೆಳ್ಳಗಾಯಿತು. ಅಮ್ಮ ತುಂಬ ಹೊತ್ತು ಕಪಾಟು ನೋಡುತ್ತಲೇ ಇದ್ದಳು.

"ನೀಲಿ ಅಂಚು ಎಷ್ಟ್ ಚೆನ್ನಾಗ್ ಬಂದಿದೆ ಕಣೇ," ಎಂದಳು.

ಬಟ್ಟೆಯಕ್ಕ ಬಾಯಿ ತೆರೆದಳು. ಅಂಚಿರಲಿಲ್ಲ, ನೀಲಿಯೂ ಇರಲಿಲ್ಲ. ಅಮ್ಮ ನಿಜವಾಗಿ ಕಂಡಳೋ, ಮಗಳ ಮನಸ್ಸಿಗೆ ಸಮಾಧಾನವಾಗಲಿ ಎಂದಳೋ, ಆ ಪಕ್ಕಕ್ಕೆ ತಿರುಗಿದ ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಕೇಳಲು ಧೈರ್ಯವಾಗಲಿಲ್ಲ.

"ಇನ್ನೊಂದ್ಸಲ ಹಾಕು," ಎಂದಳು ಅಮ್ಮ, ಕುರ್ಚಿಯನ್ನು ಇನ್ನಷ್ಟು ಎಡಕ್ಕೆ ಎಳೆಯುತ್ತ. "ಉದ್ದಿ ಬರೋ ಕಡೆಯಿಂದ."

ಅವಳು ಎದ್ದು ಹೋಗಿ ಹಾಕಿದಳು.