ಗೆರೆ ಮನುಷ್ಯರ ಸಂಸಾರ

ಟಿವಿಯಲ್ಲಿ ಬಂದ ಒಂದು ಚಿತ್ರದಿಂದಾಗಿ ನನ್ನ ಮದುವೆ ಮುರಿದು ಬೀಳುವುದರಲ್ಲಿತ್ತು ಎಂದರೆ ಈಗಿನವರು ನಗುತ್ತಾರೆ. ನಗಲಿ. ಆಗ ನಮ್ಮ ಮನೆಯಲ್ಲಿ ಯಾರಿಗೂ ನಗು ಬಂದಿರಲಿಲ್ಲ.

ಎಪ್ಪತ್ತರ ದಶಕದ ನಡುಭಾಗ. ಬೆಂಗಳೂರಿನಲ್ಲೇ ಇನ್ನೂ ಟಿವಿ ಇರಲಿಲ್ಲ, ನಮ್ಮ ಅರಕೇರಾಕ್ಕೆ ಬಂದುಬಿಟ್ಟಿತ್ತು. ಆಕಾಶದಲ್ಲಿ ಉಪಗ್ರಹ ನಿಲ್ಲಿಸಿದ್ದಾರೆ, ಅದು ರಾಯಚೂರು ಜಿಲ್ಲೆಯ ಹಳ್ಳಿಗಳಿಗೆ ಚಿತ್ರ ಕಳಿಸುತ್ತದೆ, ಒಂದು ವರ್ಷದ ಪ್ರಯೋಗ ಎಂದು ಹೇಳಿದರು. ಶಾಲೆಯ ಮಾಳಿಗೆಯ ಮೇಲೆ ತಂತಿ ಬಲೆಯ ದೊಡ್ಡ ಬುಟ್ಟಿಯೊಂದನ್ನು ಕೂಡಿಸಿ, ಪಡಸಾಲೆಯಲ್ಲಿ ಟಿವಿ ಪೆಟ್ಟಿಗೆ ಇಟ್ಟು ಬೀಗ ಹಾಕಿದರು. ಸಂಜೆ ಮಾಸ್ತರರು ಬೀಗ ತೆಗೆದರೆ ಊರಿಗೆ ಊರೇ ಅಂಗಳದಲ್ಲಿ ಸೇರುತ್ತಿತ್ತು. ಹತ್ತಿಗೆ ಹುಳದ ಎಣ್ಣೆ ಹೊಡೆಯುವುದು, ಕೋಳಿ ಸಾಕುವುದು ಇವೆಲ್ಲ ಬರುವಾಗ ಅರ್ಧ ಜನ ತೂಕಡಿಸುತ್ತಿದ್ದರು. ವಾರಕ್ಕೊಮ್ಮೆ ಗೆರೆ ಮನುಷ್ಯರು ಬರುವ ದಿನ ಮಾತ್ರ ಯಾರೂ ಮಿಸುಕಾಡುತ್ತಿರಲಿಲ್ಲ.

ಆ ಹೆಸರು ಇಟ್ಟವಳು ನಮ್ಮವ್ವ. ಕಪ್ಪು ಗೆರೆಗಳಲ್ಲಿ ಬರೆದ ಒಬ್ಬ ಗಂಡ, ಅವನಿಗೊಬ್ಬ ಹೆಂಡತಿ, ಮದುವೆಯ ವಯಸ್ಸಿಗೆ ಬಂದ ಮಗಳು, ಒಂದು ಆಡು. ಬರೆದ ಚಿತ್ರಗಳೇ ಎದ್ದು ಓಡಾಡುತ್ತಿದ್ದವು, ಜಗಳಾಡುತ್ತಿದ್ದವು. ಅದು ಮಕ್ಕಳಿಗೆ ಮಾಡಿದ್ದಲ್ಲ. ಸಂಸಾರಸ್ಥರಿಗೆಂದೇ ಮಾಡಿದ ಹಾಸ್ಯ. ಗಂಡಹೆಂಡಿರ ಕೋಣೆಯ ಮಾತು ಬಂದಾಗ ಗಂಡಸರು ಸುಳ್ಳು ಕೆಮ್ಮು ಕೆಮ್ಮುತ್ತಿದ್ದರು, ಹೆಂಗಸರು ಬಾಯಿಗೆ ಸೆರಗು ತುರುಕಿಕೊಳ್ಳುತ್ತಿದ್ದರು. ಮಕ್ಕಳನ್ನು ಓಡಿಸಿದಷ್ಟೂ ಅವು ಕಿಟಕಿಗೆ ಬಂದು ಜೋತುಬೀಳುತ್ತಿದ್ದವು.

ನಮ್ಮಪ್ಪನದು ಬಸ್ಸು ನಿಲ್ಲುವಲ್ಲಿ ಚಹಾದ ಅಂಗಡಿ. ಟಿವಿ ಬರುವ ಮೊದಲು ಪಟ್ಟಣದ ಕೆಲವರು ಬಂದು, ಹಳ್ಳಿಯವರಿಗೆ ಬರೆದ ಚಿತ್ರ ತಿಳಿಯುತ್ತದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿದ್ದರು. ಹಾಳೆ ಹಿಡಿದು ಇದೇನು, ಅದೇನು ಎಂದು ಕೇಳುತ್ತಿದ್ದರು. ಅವರಲ್ಲೊಬ್ಬ ಚಹಾ ಕುಡಿಯುತ್ತ ನಮ್ಮಪ್ಪನನ್ನೂ ಬರೆದ. ಗಿರಿಜಾ ಮೀಸೆ, ತಲೆಗೆ ಸುತ್ತಿದ ಟವೆಲು, ಕಿವಿಯ ಮೇಲೊಂದು ಬೀಡಿ. ಮುಂದೆ ಗೆರೆ ಮನುಷ್ಯರ ಗಂಡ ಅದೇ ಮೀಸೆ, ಅದೇ ಟವೆಲು, ಅದೇ ಬೀಡಿಯೊಡನೆ ಟಿವಿಯೊಳಗೆ ನಡೆದು ಬಂದಾಗ ಅಪ್ಪ ಅಂಗಳದಲ್ಲಿ ಎದ್ದು ನಿಂತುಬಿಟ್ಟ. “ನೋಡ್ರಿ, ಅದು ನಾನs. ಸುಳ್ಳಲ್ಲ” ಎಂದ.

ಅಷ್ಟಕ್ಕೆ ಸುಮ್ಮನಿದ್ದರೆ ಅವನು ನಮ್ಮಪ್ಪ ಹೇಗಾದಾನು? ದೇವದುರ್ಗದ ಬಸ್ಸಿನಿಂದ ಇಳಿದವರಿಗೆಲ್ಲ ಚಹಾಕ್ಕಿಂತ ಮೊದಲು ಈ ಸುದ್ದಿಯನ್ನೇ ಕೊಟ್ಟ. ಟಿವಿಯಲ್ಲಿ ಬರುವುದು ನಮ್ಮ ಮನೆಯದೇ ಕಥೆ ಎಂದು ನಂಬಿದ, ನಂಬಿಸಿದ. ಆ ಮೀಸೆ ನಮ್ಮ ಸೀಮೆಯಲ್ಲಿ ಊರಿಗೆ ಹತ್ತು ಜನಕ್ಕಿತ್ತು ಎಂದು ನಾನು ಹೇಳಿದರೆ ನನ್ನನ್ನೇ ಗದರಿದ. ಆಗ ನನಗೆ ಹದಿನೆಂಟು, ಬಾಯಿ ಜೋರು. ಆದರೂ ಅವನ ಮುಂದೆ ನನ್ನ ಬಾಯಿ ನಡೆಯುತ್ತಿರಲಿಲ್ಲ.

ಅದೇ ಹೊತ್ತಿಗೆ ಮಾನವಿ ಹತ್ತಿರದ ಹಳ್ಳಿಯೊಂದರಿಂದ ನನಗೆ ಸಂಬಂಧ ಬಂದಿತ್ತು. ಹುಡುಗನದು ಮಾನವಿಯಲ್ಲಿ ಸೈಕಲ್ ಅಂಗಡಿ. ನನ್ನನ್ನು ನೋಡಲು ಬಂದವನು ಕೈಯ ಗ್ರೀಸ್ ಪೂರ್ತಿ ಹೋಗಿಲ್ಲವೆಂದು ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡೇ ಕೂತಿದ್ದ. ಅವನು ನನಗೆ ಹಿಡಿಸಿದ್ದ, ಮುಚ್ಚಿಡುವುದೇನು. ಮಾತುಕತೆ ಮುಗಿದು ಬಳೆ ಇಡಿಸುವುದೊಂದೇ ಬಾಕಿ ಇತ್ತು. ನಮ್ಮಲ್ಲಿ ಹುಡುಗನ ತಾಯಿ ಬಳೆಗಾರ್ತಿಯನ್ನು ಕರೆತಂದು ಹುಡುಗಿಯ ಕೈಗೆ ಹಸಿರು ಬಳೆ ಇಡಿಸಿದರೆ ಸಂಬಂಧ ಗಟ್ಟಿ. ಅಲ್ಲಿಯವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು.

ಅವರಿಗೆ ನಾವು ಹೇಳದ ಒಂದು ಸಂಗತಿ ಇತ್ತು. ಸಣ್ಣವಳಿದ್ದಾಗ ಅಂಗಡಿಯ ಕುದಿಯುವ ಹಾಲು ನನ್ನ ಎಡತೋಳಿನ ಮೇಲೆ ಚೆಲ್ಲಿತ್ತು. ಅಂಗೈಯಗಲದ ಬಿಳಿ ಕಲೆ ಉಳಿದಿತ್ತು. ಅದಕ್ಕೇ ಮೊಣಕೈ ದಾಟುವ ತೋಳಿನ ಕುಬಸವನ್ನೇ ತೊಡುತ್ತಿದ್ದೆ. ಸುಟ್ಟ ಕಲೆಯೇನು ಮಹಾ, ಬಳೆ ಇಟ್ಟ ಮೇಲೆ ಹೇಳಿದರಾಯಿತು ಎಂದು ಅವ್ವ ತಳ್ಳಿಹಾಕಿದ್ದಳು.

ಒಂದು ವಾರ ಗೆರೆ ಮನುಷ್ಯರ ಮಗಳ ತೋಳಿನ ಮೇಲೆ ಬಿಳಿ ಮಚ್ಚೆ ಕಾಣಿಸಿಕೊಂಡಿತು. ಗಂಡಿನ ಕಡೆಯವರಿಗೆ ತಿಳಿಯಬಾರದೆಂದು ತಾಯಿತಂದೆ ಅವಳಿಗೆ ಉದ್ದ ತೋಳಿನ ಕುಬಸ ಹೊಲಿಸಿದರು. ಆಡು ಬಂದು ಆ ತೋಳನ್ನೇ ತಿಂದುಹಾಕಿತು. ಅಂಗಳಕ್ಕೆ ಅಂಗಳವೇ ಬಿದ್ದು ಬಿದ್ದು ನಕ್ಕಿತು. ಆಮೇಲೆ ನಗು ಒಂದೊಂದೇ ಕಡೆ ನಿಂತು, ಜನ ತಿರುಗಿ ತಿರುಗಿ ನನ್ನ ಕುಬಸದ ತೋಳನ್ನು ನೋಡತೊಡಗಿದರು. ಕೂತ ನೆಲವೇ ಬಾಯಿ ಬಿಡಬಾರದೇ ಎನಿಸಿತು.

ಮರುದಿನ ಅಪ್ಪ ಬಂದಬಂದವರಿಗೆ, ಅದು ನಾನಲ್ಲ ಎಂದು ಹೇಳಲು ಶುರುಮಾಡಿದ. ಬಸ್ಸಿನ ಕಂಡಕ್ಟರ್ ಚಹಾ ಆರಿಸಿಕೊಳ್ಳುತ್ತ, “ಇಷ್ಟು ದಿನ ಹೌದಂದಿ, ಈಗ ಅಲ್ಲಂದ್ರ ಹ್ಯಾಂಗ?” ಎಂದ. ಅಪ್ಪ ಲೋಟ ತೊಳೆಯುತ್ತ ನಿಂತ.

ಮುಂದಿನ ವಾರ ಗೆರೆಯ ಡಾಕ್ಟರು ಬಂದ. ಹುಡುಗಿಗೆ ಕಣ್ಣು ಮುಚ್ಚಲು ಹೇಳಿ ಮಚ್ಚೆಗೆ ಪಿನ್ನು ಚುಚ್ಚಿದ. ಅವಳಿಗೆ ಗೊತ್ತಾಗಲಿಲ್ಲ. ಇದು ಕುಷ್ಠ, ಹೆದರಬೇಡಿ, ಗುಳಿಗೆ ತೆಗೆದುಕೊಂಡರೆ ವಾಸಿಯಾಗುತ್ತದೆ ಎಂದ. ಕುಷ್ಠ ಎಂಬ ಮಾತಿನ ಆಚೆಗೆ ನಮ್ಮೂರು ಏನನ್ನೂ ಕೇಳಿಸಿಕೊಳ್ಳಲಿಲ್ಲ. ನನ್ನ ಮಗ್ಗುಲಲ್ಲಿದ್ದವಳು ಮಗುವನ್ನು ಎತ್ತಿಕೊಂಡು ದೂರ ಹೋಗಿ ಕೂತಳು.

ಮರುದಿನ ಮಧ್ಯಾಹ್ನ ಹಿತ್ತಲಿಗೆ ಹೋಗಿ ನನ್ನ ಕಲೆಗೆ ನಾನೇ ಪಿನ್ನು ಚುಚ್ಚಿಕೊಂಡೆ. ಅಂಚಿನಲ್ಲಿ ಚುರುಕ್ ಎಂದಿತು. ನಡುವೆ ಏನೂ ಇಲ್ಲ. ಮತ್ತೆ ಚುಚ್ಚಿದೆ, ರಕ್ತ ಬಂತು, ನೋವು ಬರಲಿಲ್ಲ. ಆಳವಾಗಿ ಸುಟ್ಟ ಚರ್ಮವೂ ಜೋಮು ಹಿಡಿಯುತ್ತದೆ ಎಂದು ಹೇಳುವವರು ಆಗ ನನ್ನ ಹತ್ತಿರ ಯಾರಿದ್ದರು? ಹಾಲು ಬಿದ್ದದ್ದು ಚೆನ್ನಾಗಿ ನೆನಪಿದ್ದ ನನಗೇ ನನ್ನ ಮೇಲೆ ಅನುಮಾನ ಹುಟ್ಟಿತು. ಊಟ ಸೇರದಾಯಿತು.

ಟಿವಿಯ ಹುಡುಗಿ ವಾಸಿಯಾದರೆ ನನ್ನ ಮೇಲಿನ ಕಣ್ಣೂ ತಪ್ಪುತ್ತದೆ ಎಂದು ಮುಂದಿನ ವಾರಕ್ಕಾಗಿ ಜೀವ ಹಿಡಿದುಕೊಂಡಿದ್ದೆ. ಆ ಸಂಜೆ ಮಾಸ್ತರರು ಬೀಗ ತೆಗೆದು ಗುಂಡಿ ತಿರುಗಿಸಿದರೆ ಪರದೆಯ ಮೇಲೆ ಬರೀ ಬಿಳಿ ಚುಕ್ಕೆ, ಸುಯ್ ಎಂಬ ಸದ್ದು. ವರ್ಷ ಮುಗಿದಿತ್ತು. ಉಪಗ್ರಹವನ್ನು ಬೇರೆ ಕಡೆ ಒಯ್ದರಂತೆ. ಹುಡುಗಿ ಗುಳಿಗೆ ನುಂಗಿದಳೋ, ಅವಳ ಮದುವೆಯಾಯಿತೋ, ನಮಗ್ಯಾರಿಗೂ ತಿಳಿಯಲೇ ಇಲ್ಲ.

ಅದಾಗಿ ಕೆಲವೇ ದಿನಕ್ಕೆ ಗಂಡಿನ ಕಡೆಯಿಂದ ಹೇಳಿಕಳಿಸಿದರು. ಅವರ ಊರಿನಲ್ಲೂ ಅಂಥದೇ ಟಿವಿ ಇತ್ತು. ಅಪ್ಪ ಹಬ್ಬಿಸಿದ ಸುದ್ದಿಯೂ ಅವರನ್ನು ಮುಟ್ಟಿತ್ತು. ಹುಡುಗನ ತಾಯಿ ಬಳೆಗಾರ್ತಿಯನ್ನು ಕರೆದುಕೊಂಡು ಬರುತ್ತಾಳೆ, ಆದರೆ ಬಳೆಗಿಂತ ಮೊದಲು ಹುಡುಗಿಯ ತೋಳನ್ನು ಒಬ್ಬಳೇ ನೋಡಬೇಕಂತೆ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಪ್ಪ ಅಂಗಡಿ ತೆರೆಯಲಿಲ್ಲ. “ಬಲಗೈ ಮುಂದ ಮಾಡವ್ವಾ, ಯಾವುದಂತ ಅಕಿಗೇನು ಗೊತ್ತು” ಎಂದು ಅವ್ವ ಹೇಳಿದಾಗ, “ಅಕಿ ಏನು ಕುರುಡೀ ಅದಾಳೇನು?” ಎಂದು ರೇಗಿದೆ.

ಅವರು ಬಂದದ್ದು ಬೆಳಗಿನ ಬಸ್ಸಿಗೆ. ಬಳೆಗಾರ್ತಿ ದೇವದುರ್ಗದ ಮುಸಲ್ಮಾನರ ಹೆಂಗಸು. ಪಡಸಾಲೆಯಲ್ಲಿ ಗಂಟು ಬಿಚ್ಚಿ ಹಸಿರು ಬಳೆಗಳನ್ನು ಸಾಲಾಗಿ ಇಟ್ಟುಕೊಂಡು ಕೂತಳು. ಹುಡುಗನ ತಾಯಿ ನೀರನ್ನೂ ಮುಟ್ಟದೆ ಒಳಗೆ ಬಂದಳು.

“ಬಾಗಲಾ ಹಾಕವ್ವಾ. ತೋಳು ತೋರ್ಸು.”

ತೋಳು ಏರಿಸಿದೆ. ಆಕೆ ಕಲೆಯನ್ನು ಬೆರಳಿನಿಂದ ಸವರಿದಳು. “ಯಾ ದವಾಖಾನ್ಯಾಗ ತೋರ್ಸೀರಿ?”

“ಎಲ್ಲೂ ತೋರ್ಸಿಲ್ರಿ.”

“ಸುಳ್ಳು ಹೇಳಬ್ಯಾಡ. ನಾ ಟಿವ್ಯಾಗ ನೋಡೀನಿ” ಎಂದು ತಾಳಿಸರಕ್ಕೆ ಸಿಕ್ಕಿಸಿದ್ದ ಪಿನ್ನನ್ನು ಬಿಚ್ಚಿಕೊಂಡಳು. ನಾನು ಕಣ್ಣು ಮುಚ್ಚಿ ಹಲ್ಲು ಕಚ್ಚಿ ಕಾದೆ. ಚುಚ್ಚಿದಳೋ ಇಲ್ಲವೋ ಗೊತ್ತಾಗಲಿಲ್ಲ. ಎಲ್ಲ ಮುಗಿಯಿತು ಎಂದುಕೊಂಡು ಕಣ್ಣು ತೆರೆದೆ.

ಪಿನ್ನು ಆಕೆಯ ತೋಳಿನಲ್ಲೇ ನೆಟ್ಟಿತ್ತು. ಕುಬಸ ಮೇಲಕ್ಕೆ ಸರಿಸಿದ್ದಳು. ರಟ್ಟೆಯ ಒಳಮಗ್ಗುಲಲ್ಲಿ ಒಣಗಿದ ಬಿಳಿಚು ಮಚ್ಚೆ. ಮುಖದಲ್ಲಿ ನೋವಿನ ಸುಳಿವೇ ಇರಲಿಲ್ಲ.

“ನನಗೂ ತಿಳಿಯಂಗಿಲ್ಲ ನೋಡು. ಮನ್ಯಾಗ ಯಾರಿಗೂ ಹೇಳಿಲ್ಲ. ಅಷ್ಟರಾಗ ಟಿವಿ ಬಂದ್ ಆತು. ಮುಂದ ನಿನಗ ಏನಾತು? ಆರಾಮ ಆತಿಲ್ಲೋ? ಅದೊಂದು ಹೇಳು ನನ್ನವ್ವಾ.”

ಆಕೆ ಸಂಬಂಧ ಮುರಿಯಲು ಬಂದಿರಲಿಲ್ಲ. ಕಥೆಯ ಉಳಿದ ಭಾಗ ಕೇಳಲು ಬಂದಿದ್ದಳು. ಹೂಂ, ವಾಸಿಯಾಯಿತು ಎಂದುಬಿಟ್ಟಿದ್ದರೆ ನನ್ನ ಮದುವೆ ಅಲ್ಲೇ ಗಟ್ಟಿಯಾಗುತ್ತಿತ್ತು. ಬಾಯಿಗೂ ಬಂದಿತ್ತು. ಆ ಮುಖ ನೋಡಿ ಹೇಳಲಾಗಲಿಲ್ಲ.

“ಅದು ನಾ ಅಲ್ರಿ. ನಮ್ಮಪ್ಪ ಹುಚ್ಚರಂಗ ಹೇಳ್ಕೊಂಡು ತಿರಗ್ಯಾನ. ಇದು ಹಾಲು ಬಿದ್ದು ಸುಟ್ಟ ಕಲಿ.”

ಆಕೆ ಪಿನ್ನು ಕಿತ್ತುಕೊಂಡು ಸರಕ್ಕನೆ ಕುಬಸ ಎಳೆದುಕೊಂಡಳು. ಈಗ ಅಂಜಿಕೆ ಆಕೆಯ ಕಣ್ಣಿಗೆ ಬಂದಿತ್ತು. ಹೊರಗಿನಿಂದ ಬಳೆಗಾರ್ತಿ, “ಎಷ್ಟೊತ್ತವ್ವಾ, ಬರ್ರಿ” ಎಂದು ಕೂಗಿದಳು.

“ಗುಳಿಗಿಯಿಂದ ಹೋಗ್ತದಂತ ಡಾಕ್ಟರ್ ಹೇಳಿದ್ದು ನಾನೂ ಕೇಳೀನ್ರಿ. ರಾಯಚೂರಿಗಿ ಹೋಗಿ ತೋರ್ಸೂಣು” ಎಂದೆ.

“ನಾ ಹೋದ್ರ ಊರು ಸುಮ್ಕಿರ್ತದೇನು? ನನ್ನ ಮಗಳ ಮದುವಿ ಇನ್ನಾ ಆಗಬೇಕು.”

“ನನ್ನ ತೋಳಿಗಿ ಹ್ಯಾಂಗೂ ಹೆಸರು ಬಂದದ. ಸೊಸೀನ ತೋರ್ಸಾಕ ಹೊಂಟೀನಿ ಅನ್ರಿ.”

ಕರುಣೆಯಿಂದ ಆಡಿದ ಮಾತೋ, ಸೈಕಲ್ ಅಂಗಡಿಯವನನ್ನು ಕಳೆದುಕೊಳ್ಳಬಾರದೆಂಬ ಲೆಕ್ಕಾಚಾರವೋ, ಈಗಲೂ ಬಿಡಿಸಿ ಹೇಳಲಾರೆ. ಎರಡೂ ಇದ್ದವು. ಆಕೆ ನನ್ನ ಕೈ ಹಿಡಿದು ಹೊರಗೆ ಕರೆತಂದು, ಬಳೆ ಇಡಲು ಹೇಳಿದಳು.

ಮದುವೆಯಾದ ಮೇಲೆ ಅತ್ತೆಯೂ ನಾನೂ ತಿಂಗಳು ತಿಂಗಳು ಮಾನವಿಯಿಂದ ರಾಯಚೂರಿನ ಬಸ್ಸು ಹತ್ತುತ್ತಿದ್ದೆವು. ಅಲ್ಲಿ ಚೀಟಿ ಮಾಡಿಸುತ್ತಿದ್ದದ್ದು ಆಕೆಯ ಹೆಸರಿಗೆ, ಊರಿನ ಬಾಯಲ್ಲಿದ್ದದ್ದು ನನ್ನ ಹೆಸರು. ಗಂಡನಿಗೆ ನಿಜ ಗೊತ್ತಿತ್ತು, ಅತ್ತೆಯೇ ಹೇಳಿದ್ದಳು. ಬಸ್ಸಿನಲ್ಲಿ ನನ್ನ ಪಕ್ಕದ ಜಾಗ ಖಾಲಿ ಇರುತ್ತಿತ್ತು. ಬಾವಿಯಲ್ಲಿ ನನ್ನ ಕೊಡದ ಹತ್ತಿರ ಯಾರೂ ಕೊಡ ಇಡುತ್ತಿರಲಿಲ್ಲ. ಅತ್ತೆ ಎಲ್ಲವನ್ನೂ ನೋಡಿಯೂ ತುಟಿ ಬಿಚ್ಚುತ್ತಿರಲಿಲ್ಲ. ಒಪ್ಪಿಕೊಂಡವಳು ನಾನೇ, ನಿಜ. ಆದರೂ ಎಷ್ಟೋ ಸಲ ಆಕೆಯ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬರುತ್ತಿತ್ತು.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಇನ್ನು ಗುಳಿಗೆ ಬೇಡ ಎಂದು ಡಾಕ್ಟರು ಹೇಳಿದರು. ಅದರ ಮುಂದಿನ ಬೇಸಿಗೆಯಲ್ಲಿ ನಾದಿನಿಯ ಮದುವೆ. ಆಕೆಯನ್ನು ಗಂಡನ ಮನೆಗೆ ಕಳಿಸಿಕೊಟ್ಟ ಮೇಲೆ ಓಣಿಯ ಹೆಂಗಸರು ಕೊನೆಯ ಪಂಕ್ತಿಗೆ ಕೂತಿದ್ದರು. ನಾನು ಅನ್ನದ ಬುಟ್ಟಿ ಹಿಡಿದು ಬಂದೆ. ಮೊದಲನೆಯವಳು ಎಲೆಯ ಮೇಲೆ ಕೈ ಅಡ್ಡ ಹಿಡಿದಳು. ಪಕ್ಕದವಳೂ ಹಿಡಿದಳು.

ಅತ್ತೆ ಒಳಗಿನಿಂದ ಬಂದು ಪಂಕ್ತಿಯ ನಡುವೆ ನಿಂತಳು. ಕುಬಸದ ತೋಳನ್ನು ರಟ್ಟೆಯ ತನಕ ಏರಿಸಿ ಎಲ್ಲರಿಗೂ ತೋರಿಸಿದಳು. “ದೊಡ್ಡ ರೋಗ ಬಂದಿದ್ದು ನನಗ. ಗುಳಿಗಿ ನುಂಗೀನಿ, ಹೋಗ್ಯಾದ. ಇಕೀ ತೋಳಿನ ಮ್ಯಾಲ ಇರೋದು ಹಾಲಿನ ಕಲಿ. ಇಷ್ಟು ವರ್ಷ ನನ್ನ ಹೆಸರು ಇಕೀ ಹೊತ್ತಾಳ” ಎಂದಳು.

ಬುಟ್ಟಿ ಹಿಡಿದು ನಿಂತಲ್ಲೇ ನನಗೆ ಅಳು ಒತ್ತಿ ಬಂತು. ಅತ್ತೆ ನನ್ನ ಕಡೆ ತಿರುಗದೆಯೇ, “ಅನ್ನ ಆರಾಕತ್ತದ, ಬಡಸು” ಎಂದು ಗದರಿದಳು.