ಗಂಜಿ, ರೊಟ್ಟಿ ಮತ್ತು ಬಸಿರಿನ ಸಕ್ಕರೆ

ಕರಾವಳಿಯ ಸಂತೆಕಟ್ಟೆಯ ಬಾಡಿಗೆ ಮನೆಗೆ ಬಂದ ಮರುದಿನ ಬೆಳಿಗ್ಗೆ ಮನೆಯೊಡತಿ ಸುಮತಿಯಕ್ಕ ನನ್ನ ಮುಂದೆ ಒಂದು ಬಟ್ಟಲು ಇಟ್ಟರು. ಬಿಸಿನೀರಿನಲ್ಲಿ ಕೆಂಪಗಿನ ದಪ್ಪ ಅಗುಳು, ಕುಚ್ಚಲಕ್ಕಿ ಗಂಜಿ. ನಮ್ಮ ವಿಜಯಪುರದಲ್ಲಿ ಗಂಜಿ ಕುಡಿಯುವುದು ಜ್ವರ ಬಂದವರು. "ಯಾರಿಗೆ ಆರಾಮಿಲ್ಲ?" ಎಂದು ಕೇಳಿಬಿಟ್ಟೆ. ಅವರು ನಕ್ಕು ಉಪ್ಪಿನಕಾಯಿ ಬಡಿಸಿದರು.

ಆರಾಮಿಲ್ಲದವಳು ನಾನೇ ಆದೆ, ಬಸಿರಿನ ಆರನೇ ತಿಂಗಳಲ್ಲಿ. ಮಣಿಪಾಲದ ವೈದ್ಯೆ ರಕ್ತಪರೀಕ್ಷೆ ನೋಡಿ ಸಕ್ಕರೆ ಏರಿದೆ ಎಂದರು. ಮೊದಲು ಊಟದಲ್ಲೇ ಹತೋಟಿಗೆ ತರೋಣ. ಇಳಿಯದಿದ್ದರೆ ಇನ್ಸುಲಿನ್ ಬೇಕಾಗಬಹುದು, ಹಾಗಾದರೆ ಹೆರಿಗೆಗೆ ವಿಜಯಪುರದಷ್ಟು ದೂರ ಹೋಗುವುದೂ ಬೇಡ ಎಂದರು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ. ಅವ್ವ ಆಗಲೇ ಬಾಣಂತಿ ಕೋಣೆಗೆ ಸುಣ್ಣ ಹೊಡೆಸಿದ್ದಳು.

ಅಷ್ಟರಲ್ಲಿ ರೂಢಿಯಾಗಿದ್ದ ಗಂಜಿ ನಿಲ್ಲಿಸಿದೆ. ಸುಮತಿಯಕ್ಕ ನಂಬಲಿಲ್ಲ. "ಗಂಜಿ ಎಂತ ಮಾಡ್ತದೆ ಮಾರಾಯ್ತಿ? ಅದರಲ್ಲಿ ನೀರೇ ಇರುವುದಲ್ವಾ?"

ಫೋನಿನಲ್ಲಿ ಅವ್ವ ಗೆದ್ದವಳಂತೆ ಮಾತಾಡಿದಳು. "ಮೂರ ಹೊತ್ತು ಅಕ್ಕಿ ತಿಂದ್ರ ಮತ್ತೇನಾಗ್ತದ? ಜ್ವಾಳದ ಹಿಟ್ಟ ಕಳಸ್ತೀನಿ. ರೊಟ್ಟಿ ತಿಂದವರಿಗೆ ಯಾವ ರೋಗಾನೂ ಇಲ್ಲ."

ನಾನೂ ಹಾಗೆಯೇ ನಂಬಿದ್ದೆ. ಹಿಟ್ಟು ಬಸ್ಸಿನಲ್ಲಿ ಬಂತು. ಮಧ್ಯಾಹ್ನ ನಾಲ್ಕು ರೊಟ್ಟಿ, ಹಸಿವಾದರೆ ಐದು. ಆಮೇಲೆ ಬೆರಳು ಚುಚ್ಚಿ ನೋಡಿದರೆ ಅಂಕಿ ಇಳಿದೇ ಇಲ್ಲ. ಆಸ್ಪತ್ರೆಯ ಆಹಾರ ತಜ್ಞೆ ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ರೊಟ್ಟಿ? ಹೇಳಿದೆ. "ಜೋಳವೂ ಧಾನ್ಯವೇ ಅಲ್ವಾ? ನಿಮಗೆ ಎರಡು ಸಾಕು. ಕಾಳು, ತರಕಾರಿ ಹೆಚ್ಚು ಮಾಡಿ. ಒಮ್ಮೆಲೇ ಹೊಟ್ಟೆ ತುಂಬಿಸಬೇಡಿ, ಹಂಚಿ ತಿನ್ನಿ."

ಸುಮತಿಯಕ್ಕನಿಗೆ ಖುಷಿ ಅಡಗಿಸಲಾಗಲಿಲ್ಲ. "ಹಾಗಾದ್ರೆ ನಿಮ್ಮ ರೊಟ್ಟಿಯೂ ಕಳ್ಳನೇ!" ಎಂದರು. ಮರುದಿನ ಪದೆಂಗಿ ಗಸಿ, ಅಂದರೆ ಹೆಸರುಕಾಳಿನ ಗಟ್ಟಿ ಸಾರು ತಂದರು. "ಕಾಯಿ ಕಡಿಮೆ ಉಂಟು, ಬಯ್ಯಬೇಡ." ಊರಿನ ಕಾಳುಪಲ್ಲೆಯ ರುಚಿ ಅದಕ್ಕಿಲ್ಲ. ಆದರೂ ರೊಟ್ಟಿಗೆ ಹಚ್ಚಿಕೊಂಡು ತಿಂದೆ. ಉಂಡ ಮೇಲೆ ಕೂರಲಾಗದೆ ಅಂಗಳ ಸುತ್ತುತ್ತಿದ್ದೆ. ಮುಂದಿನ ಪರೀಕ್ಷೆಯದೇ ಯೋಚನೆ. "ಕೂತ್ಕೊ ಮಾರಾಯ್ತಿ, ನೋಡಿ ನೋಡಿ ನನಗೇ ತಲೆ ತಿರುಗ್ತದೆ" ಎನ್ನುತ್ತಿದ್ದರು.

ಸಕ್ಕರೆ ಇಳಿಯಿತು. ಇನ್ಸುಲಿನ್ ಸದ್ಯಕ್ಕೆ ಬೇಡ, ಊರಿಗೆ ಹೋಗಬಹುದು, ಊಟ ಮಾತ್ರ ಹೀಗೇ ಇರಲಿ ಎಂದರು ವೈದ್ಯೆ. ಅವ್ವನಿಗೆ ಫೋನ್ ಮಾಡಿ ಬರುತ್ತೇನೆ ಎಂದೆ. ಜೊತೆಗೇ ಹೇಳಿದೆ: "ನನಗ ಎರಡ ರೊಟ್ಟಿ ಬಡಿ."

ಅವ್ವ ದನಿ ಏರಿಸಿದಳು. "ನಮ್ಮ ಮನಿಯಾಗ ಯಾವತ್ತರೆ ರೊಟ್ಟಿ ಎಣಿಸಿ ಹಾಕೀವೇನ? ಯಾರ ಮನಿ ರೂಢಿ ಕಲ್ತಿ?"

ಸುಮತಿಯಕ್ಕನ ಮನೆಯದಂತೂ ಅಲ್ಲ, ಅವರೂ ಎಣಿಸಿ ಬಡಿಸುವವರಲ್ಲ. ಎರಡೂ ಮನೆಯಲ್ಲಿ ತಟ್ಟೆಗೆ ಕೈ ಅಡ್ಡ ಹಿಡಿಯುವವಳು ನಾನೊಬ್ಬಳೇ.